ತಕರಾರಿಲ್ಲದ ಬೆಸುಗೆ

ಆ ದಿನದ ರಗಳೆಯೆಲ್ಲ ಶುರುವಾದದ್ದು, ಆಗಲೇಬೇಕಾಗಿದ್ದ ಒಂದು ರಗಳೆ ಆಗದೇ ಹೋದದ್ದರಿಂದ.

ಬೆಳಿಗ್ಗೆ, ಇನ್ನೂ ಯಾರೂ ಬಂದಿರದ ಆಫೀಸಿನಲ್ಲಿ, ಬೆಸುಗೆ ಎಂಬವನು ಕಂಪ್ಯೂಟರಿನ ಗುಂಡಿ ಒತ್ತಿ, ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿಕೊಂಡು, ಕಣ್ಣು ಮುಚ್ಚಿ ಕೂತ. ಪಟಾಕಿಯ ಬತ್ತಿಗೆ ಕಿಡಿ ತಾಗಿಸಿ ಓಡಿಬಂದವನ ಹಾಗೆ. ಸ್ವಲ್ಪ ಹೊತ್ತಾಯಿತು. ಢಂ ಅನ್ನಲಿಲ್ಲ. ಒಂದು ಕಣ್ಣು ತೆರೆದು ನೋಡಿದ. ಪರದೆ ಹಸಿರಾಗಿತ್ತು. ‘ಮರ್ಜ್ ಆಯಿತು, ಕಾನ್‌ಫ್ಲಿಕ್ಟ್ ಇಲ್ಲ’ ಎಂದಿತ್ತು. ನಂಬಿಕೆ ಬರದೆ ಇನ್ನೊಂದು ಕಣ್ಣನ್ನೂ ತೆರೆದು ನೋಡಿದ. ಅದಕ್ಕೂ ಹಾಗೇ ಕಂಡಿತು.

ಬೆಸುಗೆ ಎನ್ನುವುದು ಆಫೀಸಿನವರು ಅವನಿಗೆ ಇಟ್ಟ ಹೆಸರು. ಅಲ್ಲಿ ಕಟ್ಟಡಗಳಿಗೆ ಬುದ್ಧಿ ಕಲಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಯಾರು ಬಂದರೆ ಬಾಗಿಲು ತೆರೆಯಬೇಕು, ಯಾರು ನಡೆದರೆ ದೀಪ ಹತ್ತಬೇಕು, ಯಾರಿಗಾಗಿ ಲಿಫ್ಟು ನಿಲ್ಲಬೇಕು, ಎಲ್ಲ ಅದರಲ್ಲಿತ್ತು. ಪ್ರೋಗ್ರಾಂ ಒಂದೇ, ಬರೆಯುವ ಕೈ ಹಲವು. ಪ್ರತಿಯೊಬ್ಬರೂ ಅದರ ಒಂದು ನಕಲನ್ನು ತಮ್ಮ ಮೇಜಿಗೆ ಒಯ್ದು ತಮಗೆ ಬೇಕಾದಂತೆ ತಿದ್ದುತ್ತಿದ್ದರು. ಆ ನಕಲಿಗೆ ಬ್ರಾಂಚು ಅನ್ನುತ್ತಿದ್ದರು. ಕೊನೆಗೆ ಬ್ರಾಂಚುಗಳನ್ನೆಲ್ಲ ಕೂಡಿಸಿ ಮತ್ತೆ ಒಂದೇ ಮಾಡಬೇಕು. ಅದು ಮರ್ಜು. ಆ ಕೆಲಸ ನಮ್ಮವನದು. ಇಬ್ಬರು ಒಂದೇ ಸಾಲಿಗೆ ಕೈ ಹಾಕಿದ್ದರೆ ಕಂಪ್ಯೂಟರು ಕೆಂಪಗಾಗಿ ಕಾನ್‌ಫ್ಲಿಕ್ಟ್ ಎಂದು ತಕರಾರು ತೆಗೆಯುತ್ತಿತ್ತು. ಆಗ ಆ ಇಬ್ಬರನ್ನೂ ಕರೆದು, ಯಾರ ಸಾಲು ಇರಬೇಕು, ಯಾರದು ಹೋಗಬೇಕು ಎಂದು ತೀರ್ಮಾನ ಮಾಡಿಸಬೇಕಿತ್ತು.

ಆ ಆಫೀಸಿನಲ್ಲಿ ತೀರ್ಮಾನ ಮಾಡಿಸುವುದೆಂದರೆ ಎರಡು ಬೆಕ್ಕುಗಳಿಗೆ ಒಂದೇ ಚೀಲದಲ್ಲಿ ಜೋಗುಳ ಹಾಡುವ ಕೆಲಸ. ಒಬ್ಬರು ಮೀಸೆ. ಇನ್ನೊಬ್ಬರು ಕನ್ನಡಕದಕ್ಕ. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಮಾತಿಗೆ ಅವರಿಬ್ಬರ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಆ ಕಿಟಕಿಯನ್ನೇ ತೆಗೆದು ಗೋಡೆ ಕಟ್ಟಿಸಿದ ಮೇಲೂ ಮಾತು ಶುರುವಾಗಿರಲಿಲ್ಲ. ಇಬ್ಬರೂ ಯಾವಾಗಲೂ ಒಂದೇ ಸಾಲನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಬರೆದದ್ದು ಕಣ್ಣಿಗೆ ಬಿದ್ದರೆ ಕೈ ಕಡಿಯುತ್ತಿತ್ತು ಅಷ್ಟೆ.

ಯಜಮಾನರು ಹಿಂದಿನ ದಿನ ಬೆಸುಗೆಯನ್ನು ಕರೆದು, “ನೋಡಪ್ಪಾ, ನಾಳೆ ಸಂಜೆ ನಾನು ಬರ್ತೀನಿ. ಒಂದೇ ಒಂದು ಸಲ ಕಾನ್‌ಫ್ಲಿಕ್ಟ್ ಇಲ್ಲದೆ ಮರ್ಜ್ ಮಾಡಿ ತೋರಿಸು, ನಿನ್ನನ್ನ ಖಾಯಂ ಮಾಡ್ತೀನಿ. ಆಗಲಿಲ್ವಾ, ನಿನ್ನ ದಾರಿ ನೀನು ನೋಡ್ಕೋ” ಎಂದಿದ್ದರು. ಬೆಸುಗೆಯ ಮನೆ ಇದ್ದದ್ದೂ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಆಫೀಸಿನ ಕೃಪೆಯಿಂದ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು.

ಅವನಿಗೆ ದಾರಿ ತೋರಿಸಿದ್ದು ಸ್ವಂತ ಸಂಸಾರವೇ. ಅಮ್ಮನಿಗೂ ಹೆಂಡತಿಗೂ ಅಡುಗೆಮನೆಯಲ್ಲಿ ಹೊಂದುತ್ತಿರಲಿಲ್ಲ. ಅವನು ರಾಜಿ ಮಾಡಿಸಲು ಹೋಗಲಿಲ್ಲ. ಬೆಳಗಿನ ಒಲೆ ಅಮ್ಮನದು, ಸಂಜೆಯ ಒಲೆ ಹೆಂಡತಿಯದು ಎಂದು ಭಾಗ ಮಾಡಿದ. ಒಬ್ಬರ ಸೌಟು ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಗೂಟಗಳನ್ನೂ ಬೇರೆ ಮಾಡಿದ. ಅಂದಿನಿಂದ ಮನೆ ನಿಶ್ಶಬ್ದ. ಅದೇ ಉಪಾಯವನ್ನು ಇಲ್ಲಿಯೂ ಹೂಡಿದ. ಮೀಸೆ ತಿದ್ದುವುದನ್ನೆಲ್ಲ ಪ್ರೋಗ್ರಾಂನ ತಲೆಯಲ್ಲಿ ಬರೆಯಬೇಕು, ಕನ್ನಡಕದಕ್ಕ ಬಾಲದಲ್ಲಿ ಬರೆಯಬೇಕು ಎಂದ. ಸಾಲಿಗೆ ಸಾಲು ತಾಗದಿದ್ದರೆ ಕಂಪ್ಯೂಟರಿಗೆ ತಕರಾರು ಕಾಣುವುದಿಲ್ಲ.

ಕಾಣಲಿಲ್ಲ. ಒಳಗೆ ಯಾರು ಏನು ಬರೆದಿದ್ದಾರೆಂದು ಅವನು ಓದಿಯೂ ನೋಡಲಿಲ್ಲ. ಮಲಗಿದ ಮಗುವನ್ನು ಅಲುಗಾಡಿಸಿ ‘ನಿದ್ದೆ ಬಂತಾ?’ ಎಂದು ಕೇಳುವವರುಂಟೇ?

ಅಮ್ಮನಿಗೆ ಸುದ್ದಿ ಹೇಳಿ ತಿಂಡಿ ತಿಂದು ಬರೋಣ ಎಂದು ಎದ್ದ. ಆಫೀಸಿನ ಬಾಗಿಲು ಎಂದಿನಂತೆ ತೆರೆದುಕೊಂಡಿತು. ಅವರ ಪ್ರೋಗ್ರಾಂ ಮೊದಲು ಓಡುತ್ತಿದ್ದದ್ದು ಆ ಕಟ್ಟಡದಲ್ಲೇ. ಹೊಸ ಬುದ್ಧಿ ಅದರ ತಲೆಗಿಳಿಯಲು ಒಂದೆರಡು ನಿಮಿಷ ಹಿಡಿಯುತ್ತಿತ್ತು. ಅವನು ಕಟ್ಟಡದೊಳಗಿನ ಓಣಿಯ ನಡುವಿಗೆ ಬಂದಾಗ ಅದು ಇಳಿಯಿತು ಅಂತ ಕಾಣುತ್ತದೆ. ತಲೆಯ ಮೇಲಿನ ದೀಪ ಆರಿತು. ಮುಂದಿನದೂ ಆರಿತು. ಹಿಂದಿನವೂ ಒಂದೊಂದಾಗಿ, ಯಾರೋ ಊದುತ್ತಾ ಬಂದ ಹಾಗೆ, ಆರಿಹೋದವು.

ಅವನು ಕೈ ಬೀಸಿದ. ಕುಣಿದ. ಕೆಮ್ಮಿದ. ಕೆಮ್ಮು ಓಣಿಯ ಕೊನೆಯವರೆಗೆ ಹೋಗಿ ಒಬ್ಬಂಟಿಯಾಗಿ ವಾಪಸು ಬಂತು. ಲಿಫ್ಟಿನ ಮುಂದೆ ನಿಂತ. ಲಿಫ್ಟು ಮೇಲಿನಿಂದ ಬಂದು, ಅವನ ಮುಂದೆಯೇ ಹಾದು, ಕೆಳಗಿಳಿದು ಹೋಯಿತು. ಮೆಟ್ಟಿಲ ಕಡೆಯ ಬಾಗಿಲೂ ತೆರೆಯಲಿಲ್ಲ.

ಆ ಕಟ್ಟಡ ಮುಂಚೆ ನೂಲಿನ ಗೋದಾಮು. ಆಗ ಅದರ ಬಾಗಿಲು ತೆಗೆಯಲು ಇಬ್ಬರು ಹೆಗಲು ಕೊಡಬೇಕಿತ್ತು. ಆದರೆ ತೆಗೆದ ಮೇಲೆ ಅದು ಯಾರನ್ನೂ ‘ಯಾರಯ್ಯಾ ನೀನು’ ಎಂದು ಕೇಳುತ್ತಿರಲಿಲ್ಲ. ಈಗ ಹಿಡಿಕೆ, ಚಿಲಕ, ಬೀಗ ಎಲ್ಲ ಕಿತ್ತುಹಾಕಿದ್ದರು. ಬಾಗಿಲುಗಳು ಬೋಳು ಹಣೆಯ ಹಾಗೆ ನುಣ್ಣಗಿದ್ದವು. ಗುರುತು ಸಿಕ್ಕಿದರೆ ತೆರೆಯುತ್ತಿದ್ದವು, ಸಿಗದಿದ್ದರೆ ಇಲ್ಲ.

ಫಕ್ಕನೆ ಓಣಿಯ ದೀಪವೆಲ್ಲ ಹತ್ತಿತು. ಎದುರುಮನೆಯ ದೊಡ್ಡಮ್ಮ ಬೆಳಗಿನ ನಡಿಗೆ ಮುಗಿಸಿ, ಅಲ್ಲಿಯವರೆಗೆ ಮೆಟ್ಟಿಲು ಹತ್ತಿ ದಣಿದು, ಲಿಫ್ಟಿನ ಕಡೆಗೆ ಬರುತ್ತಿದ್ದರು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಅವರಿಗೆ ಮೊದಲು ಗೊತ್ತಾಗುತ್ತಿತ್ತು. ಲಿಫ್ಟು ಓಡೋಡಿ ಬಂದು ಬಾಯಿ ತೆರೆಯಿತು. ಬೆಸುಗೆ ಅವರ ಬೆನ್ನಿಗಂಟಿಕೊಂಡು ಒಳಗೆ ನುಗ್ಗಿದ.

“ನಮಸ್ಕಾರ ದೊಡ್ಡಮ್ಮ” ಎಂದಿತು ಲಿಫ್ಟಿನ ದನಿ, ಬೆಲ್ಲ ಕರಗಿಸಿದ ಹಾಗೆ. “ಒಬ್ಬರೇ ಬಂದಿರಾ?”

ದೊಡ್ಡಮ್ಮ ಬೆಸುಗೆಯನ್ನು ನೋಡಿದರು. ಲಿಫ್ಟಿನ ಪರದೆಯನ್ನು ನೋಡಿದರು. ‘ಒಳಗಿರುವವರು: ಒಬ್ಬರು’ ಎಂದಿತ್ತು. ಮತ್ತೆ ಬೆಸುಗೆಯನ್ನು ನೋಡಿ ಮೆಲ್ಲಗೆ ಮೂಲೆಗೆ ಸರಿದರು.

“ಏನಪ್ಪಾ, ರಾತ್ರಿ ಚೆನ್ನಾಗೇ ಇದ್ಯಲ್ಲ?”

“ಈಗಲೂ ಚೆನ್ನಾಗೇ ಇದ್ದೀನಿ ದೊಡ್ಡಮ್ಮ. ಇದಕ್ಕೇನೋ ತಲೆ ಕೆಟ್ಟಿದೆ.”

“ಎಲ್ಲರೂ ಮೊದಲು ಹಾಗೇ ಅಂದ್ಕೊಳ್ತಾರೆ” ಎಂದರು ದೊಡ್ಡಮ್ಮ, ಮರುಕದಿಂದ. “ಒಳ್ಳೆ ಹುಡುಗ. ಯಾರ ತಂಟೆಗೂ ಹೋದವನಲ್ಲ.”

ಮನೆಯ ಬಾಗಿಲು ತೆರೆಯಲಿಲ್ಲ. ಅವನು ತಟ್ಟಿದ.

“ಯಾರು?” ಎಂದರು ಅಮ್ಮ ಒಳಗಿನಿಂದ. ಅವರ ಹಿಂದೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಬೆಸುಗೆಯ ಬಾಯಲ್ಲಿ ನೀರೂರಿತು.

“ನಾನಮ್ಮಾ. ಬಾಗಿಲು ತೆಗಿ.”

“ಪರದೇಲಿ ಯಾರ ಹೆಸರೂ ಇಲ್ಲವಲ್ಲ. ಬಾಗಿಲಲ್ಲಿ ಯಾರೂ ಇಲ್ಲ ಅಂತ ಬರ್ತಿದೆ.”

“ಅದು ಕೆಟ್ಟಿದೆ. ನನ್ನ ದನಿ ಗೊತ್ತಾಗಲ್ವಾ ನಿನಗೆ?”

“ದನಿ ಅವನದೇ ಹಾಗಿದೆ” ಎಂದು ಅಮ್ಮ ತಮ್ಮಷ್ಟಕ್ಕೇ ಅಂದುಕೊಂಡದ್ದು ಕೇಳಿಸಿತು. ಆಮೇಲೆ ಗಟ್ಟಿಯಾಗಿ, “ಪರದೇಲಿ ಹೆಸರು ಬಾರದೆ ಬಾಗಿಲು ತೆಗೀಬೇಡ, ನನ್ನ ದನಿ ಕೇಳಿದ್ರೂ ತೆಗೀಬೇಡ, ಈಗಿನ ಕಳ್ಳರು ದನಿ ನಕಲು ಮಾಡ್ತಾರೆ ಅಂತ ನನ್ನ ಮಗ ಹೇಳಿದ್ದಾನೆ.”

“ಆ ಮಗ ನಾನೇ ಅಮ್ಮಾ!”

“ಕಳ್ಳನೂ ಹಾಗೇ ಅಂತಾನೆ ಅಂತಲೂ ಹೇಳಿದ್ದಾನೆ.”

“ಅವಳನ್ನ ಕರಿ.”

“ಸೊಸೆ ಸ್ನಾನಕ್ಕೆ ಹೋಗಿದ್ದಾಳೆ. ನಾನು ಒಲೆ ಹತ್ರ ಇರೋವಾಗ ಅವಳು ಈ ಕಡೆ ಬರೋಹಾಗಿಲ್ಲ. ಅದೂ ನನ್ನ ಮಗನೇ ಮಾಡಿರೋ ಏರ್ಪಾಡು. ಬಂದ ದಾರೀಲಿ ಹೋಗಪ್ಪಾ, ಪುಣ್ಯ ಬರುತ್ತೆ.”

ದೊಡ್ಡಮ್ಮ ತಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಬೆಸುಗೆಯ ಮನೆ ಮುಂದಿನ ಚಪ್ಪಲಿ ಸ್ಟ್ಯಾಂಡನ್ನು ಒಂದು ಥರಾ ನೋಡುತ್ತಿದ್ದರು. ಅದರ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು. “ಬೇಜಾರು ಮಾಡ್ಕೋಬೇಡ, ಕೇಳ್ತೀನಿ. ಇನ್ಮೇಲೆ ನಿನಗೆ ಇದರ ಅವಶ್ಯಕತೆ ಇರುತ್ತೋ ಇಲ್ವೋ...”

“ನಾನು ಸತ್ತಿಲ್ಲ ದೊಡ್ಡಮ್ಮ!”

“ಮುಖ ಗಂಟು ಹಾಕ್ಕೋಬೇಡಪ್ಪಾ. ಸುಮ್ಮನೆ ಕೇಳಿದೆ.”

ಆದರೂ ಅವರು ದೊಡ್ಡ ಮನಸ್ಸು ಮಾಡಿ ಅವನ ಜೊತೆ ಲಿಫ್ಟಿನಲ್ಲಿ ಕೆಳಗಿಳಿದರು. ಅಲ್ಲಿ ಮೀಸೆ ಬರುತ್ತಿದ್ದ. ಬೆಸುಗೆ ಅವನ ನೆರಳಿನಲ್ಲಿ ತೂರಿಕೊಂಡು ಆಫೀಸು ಸೇರಿದ. ಸ್ವಲ್ಪ ಹೊತ್ತಿಗೆ ಕನ್ನಡಕದಕ್ಕನೂ ಬಂದು ಮೀಸೆಗೆ ಬೆನ್ನು ಹಾಕಿ ಕೂತರು. ಇಬ್ಬರ ತಲೆಯ ಮೇಲೂ ದೀಪವಿತ್ತು. ನಡುವೆ ಬೆಸುಗೆಯ ಮೇಜು ಕತ್ತಲು, ಬಾಯೊಳಗೆ ಬಿದ್ದುಹೋದ ಹಲ್ಲಿನ ಜಾಗದ ಹಾಗೆ. ಅವನ ಕಂಪ್ಯೂಟರು ಅವನ ಬೆರಳನ್ನು ಒಪ್ಪಲಿಲ್ಲ. ಗೋಡೆಯ ದೊಡ್ಡ ಪರದೆಯಲ್ಲಿ ಮೀಸೆಯ ಹೆಸರಿತ್ತು, ಅಕ್ಕನ ಹೆಸರಿತ್ತು, ಮತ್ತೆ ಯಾರದೂ ಇರಲಿಲ್ಲ. ಮೀಸೆ ಅಭ್ಯಾಸಬಲದಿಂದ ಪರದೆ ನೋಡಿ, ಖಾಲಿ ಕುರ್ಚಿಯೆಂದುಕೊಂಡು, ತನ್ನ ಕೋಟನ್ನು ತಂದು ಬೆಸುಗೆಯ ತಲೆಯ ಮೇಲೆ ಹೊದಿಸಿದ.

“ಅಯ್ಯೋ, ಇದ್ದೀಯೇನಯ್ಯಾ?” ಎಂದ ಕೋಟು ತೆಗೆಯುತ್ತ. “ಇಲ್ಲ ಅಂತ ತೋರಿಸ್ತಿದೆ.”

ಮೀಸೆ ತನ್ನ ಕಂಪ್ಯೂಟರಿನ ಮುಂದೆ ಕೂತಾಗ ಬೆಸುಗೆ ಅವನ ಭುಜದ ಮೇಲಿಂದ ಬಗ್ಗಿ, ಬೆಳಿಗ್ಗೆ ಓದಬೇಕಾಗಿದ್ದದ್ದನ್ನು ಆಗ ಓದಿದ.

ಕಟ್ಟಡದ ನೆನಪಿನಲ್ಲಿ ಎಲ್ಲರೂ ಒಂದೊಂದು ಕಡೆ ಇದ್ದರು. ಕೆಲಸಗಾರರು ಕೆಲಸಗಾರರಲ್ಲಿ, ಮನೆಯವರು ಮನೆಯವರಲ್ಲಿ. ಕೆಳಗೆ ದುಡಿದು ಮೇಲೆ ಮಲಗುವವನು ಬೆಸುಗೆ ಒಬ್ಬನೇ ಆದ್ದರಿಂದ ಅವನು ಎರಡೂ ಕಡೆ ಇದ್ದ. ತಲೆ ಎಣಿಸಿದಾಗಲೆಲ್ಲ ಒಂದು ಹೆಚ್ಚು ಬರುತ್ತಿತ್ತು. ಯಾರಾದರೂ ಒಬ್ಬರು ಸರಿ ಮಾಡಿ ಎಂದು ಯಜಮಾನರು ಹೇಳಿದ್ದರು. ಇಬ್ಬರಿಗೂ ಮಾತಿಲ್ಲವಲ್ಲ, ಇಬ್ಬರೂ ಮಾಡಿದ್ದರು. ಒಬ್ಬನೇ ಮನುಷ್ಯ ಎರಡು ಕಡೆ ಇದ್ದರೆ ಕೆಲಸಗಾರರಲ್ಲಿರುವವನನ್ನು ಮರೆತುಬಿಡು ಎಂದು ಮೀಸೆ ತಲೆಯಲ್ಲಿ ಬರೆದಿದ್ದ. ಮನೆಯವರಲ್ಲಿರುವವನನ್ನು ಮರೆತುಬಿಡು ಎಂದು ಅಕ್ಕ ಬಾಲದಲ್ಲಿ ಬರೆದಿದ್ದರು. ಕಟ್ಟಡ ಎರಡೂ ಅಪ್ಪಣೆಯನ್ನು ಒಟ್ಟಿಗೆ ಕೇಳಿಸಿಕೊಂಡು ವಿಧೇಯವಾಗಿ ಎರಡನ್ನೂ ನಡೆಸಿತ್ತು. ಒಂದೇ ಜಾಗದಲ್ಲಿ ಬರೆದಿದ್ದರೆ ಕೆಂಪಗಾಗಿ ಕೂಗುತ್ತಿತ್ತು. ದೂರ ದೂರ ಬರೆಸಿದವನು ಬೆಸುಗೆಯೇ.

“ಮೀಸೆಯಣ್ಣ, ನಿನ್ನ ಸಾಲು ತೆಗೆದುಬಿಡು. ನನ್ನ ಹೊಟ್ಟೆಗೆ ಬೆಳಗಿಂದ ಏನೂ ಬಿದ್ದಿಲ್ಲ.”

“ನಾನ್ಯಾಕೆ ತೆಗೀಲಿ? ನಂದು ಸರಿ ಇದೆ. ಆಯಮ್ಮಂಗೆ ಹೇಳು.”

ಕನ್ನಡಕದಕ್ಕ ತಲೆಯೆತ್ತಲಿಲ್ಲ. “ನಂದು ಹತ್ತಾರು ಸಲ ಪರೀಕ್ಷೆ ಮಾಡಿ ಹಾಕಿರೋದು. ಅದೊಂದೇ ಇದ್ದಿದ್ರೆ ನೀನು ಕೆಲಸಗಾರನಾಗಿ ಆರಾಮಾಗಿ ಇರ್ತಿದ್ದೆ. ಆ ಮನುಷ್ಯನಿಗೆ ಹೇಳು.”

ಇಬ್ಬರೂ ಹೇಳಿದ್ದು ಸತ್ಯ. ಅದೇ ದೊಡ್ಡ ಕಷ್ಟ. ಬೆಸುಗೆ ಮಧ್ಯಾಹ್ನದವರೆಗೆ ಆ ಮೇಜಿನಿಂದ ಈ ಮೇಜಿಗೆ, ಈ ಮೇಜಿನಿಂದ ಆ ಮೇಜಿಗೆ ಗಡಿಯಾರದ ಲೋಲಕದಂತೆ ಓಡಾಡಿದ. ಅವನು ಓಡಾಡುವ ದಾರಿಯಲ್ಲಿ ದೀಪ ಹತ್ತಲೇ ಇಲ್ಲ. ಬೆಳಗಿನ ಮರ್ಜನ್ನೇ ವಾಪಸು ತೆಗೆಸೋಣವೆಂದರೆ, ಅದು ಹಾಳಾಗಿತ್ತು ಎಂದು ತಾನೇ ಸಾರಿದಂತಾಗುತ್ತಿತ್ತು. ಆಮೇಲೆ ಖಾಯಮ್ಮೂ ಇಲ್ಲ, ಮನೆಯೂ ಇಲ್ಲ. ಕೈಕಾಲು ತೊಳೆಯಲು ಹೋದರೆ ನಲ್ಲಿ ನೀರು ಬಿಡಲಿಲ್ಲ. ಕನ್ನಡಿಯ ಮೇಲಿನ ದೀಪವೂ ಹತ್ತದ್ದರಿಂದ ಕನ್ನಡಿಯಲ್ಲಿ ಬರೀ ಕತ್ತಲು ಕಂಡಿತು. ಅವನು ಮುಖವನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡ. ಮೂಗು ಇತ್ತು. ಆದರೆ ಮುಟ್ಟಿದಾಗ, ಬೇರೆ ಯಾರದ್ದೋ ಮೂಗು ಮುಟ್ಟಿದ ಹಾಗನ್ನಿಸಿ ಕೈ ಹಿಂದಕ್ಕೆ ತೆಗೆದ.

ಸಂಜೆಗೆ ಬರುತ್ತೇನೆಂದಿದ್ದ ಯಜಮಾನರು ಊಟದ ಹೊತ್ತು ಮುಗಿಯುತ್ತಲೇ ಬಂದುಬಿಟ್ಟರು. ಅವರು ಫೋನಿನಿಂದ ಕಣ್ಣು ತೆಗೆಯುವ ಜಾತಿಯವರಲ್ಲ. ಮೆಟ್ಟಿಲನ್ನೂ ಫೋನು ನೋಡಿಯೇ ಹತ್ತುತ್ತಿದ್ದರು.

“ಭೇಷ್! ಕಾನ್‌ಫ್ಲಿಕ್ಟೇ ಇಲ್ಲ! ಯಾರಿದು ಮಾಡಿದ್ದು?”

“ನಾನು ಸಾರ್” ಎಂದ ಬೆಸುಗೆ ಕತ್ತಲಿನಿಂದ.

ಯಜಮಾನರು ಫೋನಿನ ಮೇಲೆ ಬೆರಳಾಡಿಸಿದರು. “ಮಾಡಿದವರ ಹೆಸರಿನ ಜಾಗ ಖಾಲಿ ಇದೆಯಲ್ಲ. ನೀನು ಇವತ್ತು ಬಂದೇ ಇಲ್ಲ.”

“ಬಂದಿದ್ದೀನಿ ಸಾರ್, ನಿಮ್ಮ ಮುಂದೇನೇ ನಿಂತಿದ್ದೀನಿ.”

ಯಜಮಾನರು ಅಪರೂಪಕ್ಕೆ ಕಣ್ಣೆತ್ತಿ ಅವನನ್ನು ನೋಡಿದರು. ಫೋನನ್ನು ನೋಡಿದರು. ಎರಡನ್ನೂ ತೂಗಿ ಫೋನಿನ ಕಡೆಗೇ ವಾಲಿದರು. “ನೋಡಪ್ಪಾ, ಖಾಯಂ ಮಾಡೋದಕ್ಕೆ ಒಂದು ಹೆಸರು ಬೇಕು. ಯಾರೂ ಇಲ್ಲದೇ ಕೆಲಸ ಆಗೋದಾದ್ರೆ ಆ ಕುರ್ಚಿನೂ ತೆಗೆಸಿಬಿಡ್ತೀನಿ, ಜಾಗ ಆದ್ರೂ ಉಳಿಯುತ್ತೆ. ಕೆಳಗೆ ಕೂತಿರ್ತೀನಿ. ಕತ್ತಲಾಗೋದ್ರೊಳಗೆ ನೀನು ಇದ್ದೀಯ ಅಂತ ತೋರಿಸು.”

ಯಜಮಾನರು ಹೋದ ಮೇಲೆ ಬೆಸುಗೆ ನೆಲದ ಮೇಲೆ ಕುಸಿದು ಕೂತ. ಅಳು ಬಂತು. ಅದನ್ನು ಕಂಡು ಕನ್ನಡಕದಕ್ಕನ ಮನಸ್ಸು ಕರಗಿತೋ, ಇಲ್ಲ, ಕುರ್ಚಿ ಹೋದರೆ ತನ್ನ ಮತ್ತು ಮೀಸೆಯ ನಡುವೆ ಅಡ್ಡಕ್ಕೆ ಯಾರೂ ಇರುವುದಿಲ್ಲವೆಂದು ಹೆದರಿದರೋ, ಎದ್ದು ಮೀಸೆಯ ಮೇಜಿನ ಬಳಿ ನಿಂತು, “ರೀ” ಎಂದರು.

ಮೀಸೆ ಬೆಚ್ಚಿದ. ಕೈಲಿದ್ದ ಲೋಟ ಕೆಳಗಿಟ್ಟ. “ಏನು?”

“ಇವನು ಒಬ್ಬನೇ ಅಂತ ತಾನೇ ತೊಂದರೆ?”

“ಒಬ್ಬನೇ ಎರಡು ಕಡೆ ಇದ್ದಾನೆ ಅಂತ.”

“ಇಬ್ಬರು ಅಂದ್ಕೊಂಡ್ರೆ?”

ಮೀಸೆ ಮೀಸೆ ತಿರುವಿದ. “ಕೆಲಸ ಮಾಡೋನು ಒಬ್ಬ...”

“...ಮನೇಲಿರೋನು ಇನ್ನೊಬ್ಬ.”

“ಇವನು ಅವನಲ್ಲ...”

“...ಅವನು ಇವನಲ್ಲ.”

“ಯಾರನ್ನೂ ಮರೆಯೋದು ಬೇಡ.”

ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತ, ಒಂದೇ ಕುರ್ಚಿಯ ಅಂಚಿನಲ್ಲಿ ಅರ್ಧರ್ಧ ಕೂತು, ಇಬ್ಬರೂ ಬರೆಯತೊಡಗಿದರು. ಮೀಸೆಯ ಎಡಗೈ, ಅಕ್ಕನ ಬಲಗೈ. ನಡುವೆ ಒಂದು ಸಲವೂ ತಪ್ಪಾಗಲಿಲ್ಲ. ಬೆಸುಗೆಗೆ ಅದನ್ನು ನೋಡಿ ಸಂತೋಷವಾಗಬೇಕಿತ್ತು. ಯಾಕೋ ಬೆನ್ನಿನ ಮೇಲೆ ಇರುವೆ ಹರಿದ ಹಾಗಾಯಿತು. ಆದರೂ ಹಸಿವು ಹೆದರಿಕೆಗಿಂತ ದೊಡ್ಡದು. ಇನ್ನೇನು ಕತ್ತಲಾಗಬೇಕು ಎನ್ನುವಾಗ ಮೀಸೆಯ ಕಂಪ್ಯೂಟರಿನಿಂದಲೇ ಗುಂಡಿ ಒತ್ತಿದ. ಪರದೆ ಹಸಿರಾಯಿತು. ಕಾನ್‌ಫ್ಲಿಕ್ಟ್ ಇರಲಿಲ್ಲ.

ಒಂದೆರಡು ನಿಮಿಷ ಕಳೆಯಿತು. ಅವನ ಮೇಜಿನ ಮೇಲಿನ ದೀಪ ಝಗ್ಗನೆ ಹತ್ತಿತು. “ನಮಸ್ಕಾರ ಬೆಸುಗೆಯವರೇ” ಎಂದಿತು ಬೆಲ್ಲದ ದನಿ. ಅವನು ಎದ್ದು ನಿಂತು ಗೋಡೆಗೆ ಕೈ ಮುಗಿದ. ಯಜಮಾನರು ಕೆಳಗಿನಿಂದಲೇ ಫೋನು ಮಾಡಿ, “ಈಗ ಕಾಣ್ತಿದ್ದೀಯಪ್ಪಾ, ಸ್ಪಷ್ಟವಾಗಿ! ಖಾಯಂ ಮಾಡಿದ್ದೀನಿ, ಹೋಗು. ಇನ್ಮೇಲೆ ಈ ಜಾಗ ನಿಂದೇ” ಎಂದರು.

ಬೆಸುಗೆ ಗಾಳಿಯಲ್ಲಿ ತೇಲುತ್ತ ಲಿಫ್ಟಿನ ಬಳಿ ಬಂದ. ಏನಕ್ಕೋ ಮತ್ತೆ ಕೆಳಗೆ ಬಂದಿದ್ದ ದೊಡ್ಡಮ್ಮ ಲಿಫ್ಟಿನೊಳಗೆ ನಿಂತಿದ್ದರು. ಅವನನ್ನು ಕಂಡು ಬಾಯಿ ತೆರೆದರು. “ಅರೆ, ಈಗ ತಾನೇ ನನ್ನ ಜೊತೆ ಮೇಲೆ ಬಂದ್ಯಲ್ಲ! ಯಾವಾಗ ಇಳಿದೆ?”

ವಯಸ್ಸಾಗಿದೆ ಪಾಪ ಎಂದುಕೊಂಡು ಅವನು ನಕ್ಕ. “ನಾನು ಖಾಯಂ ಆದೆ ದೊಡ್ಡಮ್ಮ.”

“ಆಗಲೇ ಹೇಳಿದ್ಯಲ್ಲ” ಎಂದರು ಅವರು. “ಚಪ್ಪಲಿ ಸ್ಟ್ಯಾಂಡೂ ತಗೊಂಡು ಹೋಗಿ ಅಂತ ನೀನೇ ಅಂದೆ. ಬೆಳಿಗ್ಗೆ ಮುಖ ಊದಿಸಿಕೊಂಡಿದ್ದಕ್ಕೆ ಸಂಜೆ ಎಷ್ಟು ನಗು! ಎಷ್ಟು ಒಳ್ಳೆ ಬುದ್ಧಿ ಬಂದುಬಿಟ್ಟಿದೆ ನಿನಗೆ.”

ಮೇಲೆ ಓಣಿಯಲ್ಲಿ ಸ್ಟ್ಯಾಂಡು ನಿಜವಾಗಿಯೂ ದೊಡ್ಡಮ್ಮನ ಬಾಗಿಲಿಗೆ ಹೋಗಿತ್ತು. ಅವನ ಮನೆಯ ಮುಂದೆ ನೆಲದ ಮೇಲೆ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು. ಎಡಗಾಲಿನ ಹಿಮ್ಮಡಿ ಒಂದು ಕಡೆಗೆ ಸವೆದಿತ್ತು. ಬಲಗಾಲಿನ ಪಟ್ಟಿಗೆ ಅಮ್ಮ ಕಪ್ಪು ದಾರದಲ್ಲಿ ಹಾಕಿದ ಹೊಲಿಗೆಯಿತ್ತು. ಬೆಸುಗೆ ತನ್ನ ಕಾಲು ನೋಡಿಕೊಂಡ. ಅದೇ ಹಿಮ್ಮಡಿ. ಅದೇ ಕಪ್ಪು ದಾರ.

ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅಮ್ಮ ಮತ್ತು ಹೆಂಡತಿ ಒಟ್ಟಿಗೆ ನಗುವುದು ಕೇಳಿಸಿತು. ಎರಡು ಸೌಟುಗಳು ಒಂದೇ ಪಾತ್ರೆಯಲ್ಲಿ ಆಡುವ ಸದ್ದು. ಆ ಮನೆಯಲ್ಲಿ ಅಂಥ ಸದ್ದನ್ನು ಅವನು ಎಂದೂ ಕೇಳಿರಲಿಲ್ಲ.

ಅವನು ತಟ್ಟಿದ. ನಗು ನಿಂತಿತು.

“ಯಾರು?” ಎಂದಳು ಹೆಂಡತಿ.

“ನಾನು ಕಣೇ.”

“ಯಾರೋ ಆಫೀಸಿನವರು ಅತ್ತೆ. ಪರದೇಲಿ ಹಾಗೇ ಬರ್ತಿದೆ, ಕೆಲಸಗಾರ ಅಂತ.”

“ಊಟದ ಹೊತ್ತಲ್ಲಿ ಎಂಥಾ ಜನವೋ” ಎಂದರು ಅಮ್ಮ. “ಕೂತ್ಕೊಂಡು ತಿನ್ನು ಮಗಾ, ನೀನೇಳಬೇಡ. ಬೆಳಗಿಂದ ಹಸಿದಿದ್ದೀಯ.”

“ಉಪ್ಪು ಸ್ವಲ್ಪ ಕಮ್ಮಿ” ಎಂದಿತು ಒಂದು ಗಂಡುದನಿ. ಇಷ್ಟು ವರ್ಷ ಆ ಮಾತು ಬಾಯಿಗೆ ಬಂದಾಗಲೆಲ್ಲ ಬೆಸುಗೆ ಅನ್ನದ ಜೊತೆಗೆ ನುಂಗಿದ್ದ. ಒಳಗೆ ಅತ್ತೆ ಸೊಸೆ ಇಬ್ಬರೂ ಗೊಳ್ಳೆಂದು ನಕ್ಕರು. ಆಮೇಲೆ ಆ ದನಿ ಕೆಮ್ಮಿತು. ಬೆಳಿಗ್ಗೆ ಓಣಿಯ ಕೊನೆಯವರೆಗೆ ಹೋಗಿ ವಾಪಸು ಬಂದ ಅದೇ ಕೆಮ್ಮು.

ಬೆಸುಗೆ ಎರಡೂ ಕೈಯಲ್ಲಿ ಬಾಗಿಲು ಬಡಿದ. “ತೆಗೀರಿ! ನಾನು ಕಣ್ರೋ! ನನ್ನ ದನಿ ಗೊತ್ತಾಗಲ್ವಾ?”

ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆಗಳು ಬಂದು ಬಾಗಿಲ ಆಚೆ ನಿಂತವು. ಇಬ್ಬರ ನಡುವೆ ಒಂದು ಹಲಗೆ ಅಷ್ಟೇ ಇತ್ತು.

“ಯಾರ ದನಿ ಕೇಳಿದ್ರೂ ತೆಗೀಬೇಡಿ ಅಂತ ಹೇಳಿಲ್ವಾ ನಾನು?” ಎಂದ ಒಳಗಿನವನು, ಮನೆಯವರಿಗೆ, ಬಲು ತಾಳ್ಮೆಯಿಂದ.

ಬೆಸುಗೆಯ ತಲೆಯ ಮೇಲಿನ ದೀಪ ಆರಿತು. ಹಿಂದೆ, ಯಾರೂ ಕರೆಯದಿದ್ದರೂ, ಲಿಫ್ಟು ಬಂದು ಬಾಯಿ ತೆರೆದು ಕಾಯುತ್ತಿತ್ತು. ಅದರೊಳಗೆ ಮಾತ್ರ ಬೆಳಕಿತ್ತು.

“ಬನ್ನಿ ಬೆಸುಗೆಯವರೇ” ಎಂದಿತು ಬೆಲ್ಲದ ದನಿ. “ಕೆಳಗೆ ನಿಮ್ಮ ಕುರ್ಚಿ ಕಾಯ್ತಾ ಇದೆ.”

ಅವನು ಸುತ್ತ ನೋಡಿದ. ದೊಡ್ಡಮ್ಮ ಹೊಸ ಸ್ಟ್ಯಾಂಡಿನಲ್ಲಿ ಚಪ್ಪಲಿ ಜೋಡಿಸುವುದರಲ್ಲಿ ಮುಳುಗಿದ್ದರು. ಒಳಗೆ ಯಾರೋ ಅವನ ತಟ್ಟೆಗೆ ಉಪ್ಪು ಹಾಕುತ್ತಿದ್ದರು. ಯಾರಿಗೂ ಯಾವ ತಕರಾರೂ ಇರಲಿಲ್ಲ.